ಜೀರ್ಣೋದ್ಧಾರ: ಶಾಸನದ ಅರ್ಥವೂ ಇಂದಿನ ಅರ್ಥವೂ

೧

ಕನ್ನಡ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸವು ಚಿರಪರಿಚಿತವಾದುದು. ದೇವಾಲಯಕ್ಕೊ ಬಸದಿಗೊ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂದರ್ಭದಲ್ಲಿ, ಆ ಭೂಮಿಯ ಉತ್ಪತ್ತಿಯು ಯಾವ ಯಾವ ಕಾರ್ಯಗಳಿಗೆ ಸಲ್ಲಬೇಕೆಂಬುದನ್ನು ಹೇಳುವ ಭಾಗದಲ್ಲಿ ಈ ಮಾತು ಬರುತ್ತದೆ. ಇದು ಎಷ್ಟು ಸಾರಿ ಬರುತ್ತದೆಂದರೆ, ಓದುವವನ ಕಣ್ಣು ಇದರ ಮೇಲೆ ನಿಲ್ಲದೆ ಮುಂದಕ್ಕೆ ಜಾರಿಬಿಡುತ್ತದೆ. ರಾಜನ ಬಿರುದಾವಳಿ, ದಾನಿಯ ವಂಶ, ತಿಥಿ ವಾರ ನಕ್ಷತ್ರ, ಗದ್ದೆ ಬೆದ್ದಲುಗಳ ಎಲ್ಲೆ ಇವುಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ತೋರಿದ ಆಸ್ಥೆಯ ಅಲ್ಪಭಾಗವೂ ಈ ಮಾತಿನ ಪಾಲಿಗೆ ಬಂದಂತೆ ಕಾಣುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಈ ಒಂದು ಮಾತನ್ನು ಎತ್ತಿಕೊಂಡು, ಶಾಸನಗಳಲ್ಲಿ ಅದಕ್ಕಿದ್ದ ಅರ್ಥವನ್ನೂ, ಇಂದು ಅದರ ಉತ್ತರಾರ್ಧವು ಮಾತ್ರ ಬಳಕೆಯಲ್ಲುಳಿದು ಪಡೆದಿರುವ ಅರ್ಥವನ್ನೂ ಹೋಲಿಸಿ ನೋಡಬಯಸುತ್ತೇವೆ.

ಇದು ಬರಿಯ ಶಬ್ದಜಿಜ್ಞಾಸೆಯಾಗಿದ್ದರೆ ಇಷ್ಟು ಪುಟಗಳನ್ನು ಬೇಡುತ್ತಿರಲಿಲ್ಲ. ಹಳೆಯ ಗುಡಿಯೊಂದನ್ನು ಬುಡಸಹಿತ ಕಿತ್ತು, ಅದೇ ಸ್ಥಳದಲ್ಲಿ ಸಿಮೆಂಟು ಕಾಂಕ್ರೀಟಿನ ಗುಡಿಯೊಂದನ್ನು ಎಬ್ಬಿಸುವ ಕಾರ್ಯಕ್ಕೆ ನಾಡಿನಾದ್ಯಂತ ಇಂದು ಸಲ್ಲುತ್ತಿರುವ ಹೆಸರು ಜೀರ್ಣೋದ್ಧಾರ. ಕರಪತ್ರದಲ್ಲಿ, ಚಂದಾ ರಸೀತಿಯಲ್ಲಿ, ಶಂಕುಸ್ಥಾಪನೆಯ ಕಲ್ಲಿನಲ್ಲಿ ಈ ಪದವೇ ಕಾಣುತ್ತದೆ. ಕಟ್ಟಡವನ್ನು ಉಳಿಸುವುದಕ್ಕಾಗಿ ಶಾಸನವು ಬಳಸಿದ ಮಾತು ಕಟ್ಟಡವನ್ನು ಇಲ್ಲವಾಗಿಸುವುದಕ್ಕೆ ಅನುಮತಿಪತ್ರವಾದುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ವಿಚಾರಕ್ಕೆ ಶಿವನಿ ಸೀಮೆಯನ್ನು ನಾವು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಚಿಕ್ಕಮಗಳೂರು ಜಿಲ್ಲೆಯ ಪೂರ್ವಭಾಗದ ಬಯಲಿನಲ್ಲಿ, ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ಅಜ್ಜಂಪುರವನ್ನು ದಾಟಿದ ಮೇಲೆ ಸಿಕ್ಕುವ ಹೋಬಳಿಯ ಊರು ಶಿವನಿ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಅಜ್ಜಂಪುರವು ಪ್ರತ್ಯೇಕ ತಾಲ್ಲೂಕಾದಂದಿನಿಂದ ಅದಕ್ಕೆ ಸೇರಿದೆ. ಪ್ರವಾಸಿಗರ ಕೈಪಿಡಿಗಳಲ್ಲಿ ಹುಡುಕಿದರೆ ಈ ಹೆಸರು ಸಿಕ್ಕುವುದು ಕಷ್ಟ. ಹೀಗೆ ಯಾವ ಹಿರಿಯ ಖ್ಯಾತಿಯೂ ಇಲ್ಲದ ಊರು ಎಂಬುದೇ ನಮ್ಮ ಆಯ್ಕೆಗೆ ಕಾರಣ. ನಾಡಿನ ಬಹುಪಾಲು ಹಳೆಯ ಕಟ್ಟಡಗಳು ಇರುವುದು ಇಂಥ ಊರುಗಳಲ್ಲಿ. ಬಹುಪಾಲು ಬೀಳುವುದೂ ಇಂಥ ಊರುಗಳಲ್ಲಿಯೇ.

೨

ಮೊದಲು ಸಮಾಸವನ್ನು ಬಿಡಿಸಿ ನೋಡೋಣ. ಖಂಡವೆಂದರೆ ಮುರಿದುದು, ತುಂಡಾದುದು. ಸ್ಫುಟಿತವೆಂದರೆ ಬಿರಿದುದು, ಸೀಳುಬಿಟ್ಟುದು. ಜೀರ್ಣವೆಂದರೆ ಹಳತಾಗಿ ಸವೆದುದು. ಉದ್ಧಾರವೆಂದರೆ ಮೇಲಕ್ಕೆತ್ತುವುದು, ಕುಸಿದುದನ್ನು ನಿಲ್ಲಿಸುವುದು. ಮೂರು ಬಗೆಯ ಕೇಡನ್ನು ಹೆಸರಿಸಿ, ಕೊನೆಯಲ್ಲಿ ಅವಕ್ಕೆಲ್ಲ ಒಂದು ಪ್ರತಿಕ್ರಿಯೆಯನ್ನು ಹೇಳಿದೆ. ಕೇಡಿನ ಈ ಹೆಸರುಗಳು ಕೇವಲ ಶಬ್ದಾಡಂಬರವೆಂದು ನಮಗೆ ತೋರುವುದಿಲ್ಲ. ಚಾಚಿಕೊಂಡ ಮಾಡಿನ ಕಲ್ಲಿನ ಅಂಚು ಮುರಿಯುವುದು ಒಂದು. ತೊಲೆಯ ಕಲ್ಲು ಬಿರಿಯುವುದು ಮತ್ತೊಂದು. ಮಾಳಿಗೆಯ ಮೇಲಣ ಗಾರೆ ಸವೆದು ಮಳೆಯ ನೀರು ಒಳಗಿಳಿಯುವುದು ಇನ್ನೊಂದು. ಈ ಮೂರಕ್ಕೂ ಬೇಕಾದ ಚಿಕಿತ್ಸೆ ಬೇರೆ ಬೇರೆ. ಕಟ್ಟಡವು ಹೇಗೆ ಕೆಡುತ್ತದೆಂಬುದನ್ನು ಕಣ್ಣಾರೆ ಕಂಡವರ ಅನುಭವವು ಈ ಸೂತ್ರದ ಹಿಂದಿದೆಯೆಂದು ಊಹಿಸುವುದು ತಪ್ಪಾಗಲಾರದು.

ಪದದ ಅರ್ಥಕ್ಕಿಂತಲೂ ಮುಖ್ಯವಾದುದು ಅದು ನಿಲ್ಲುವ ಸ್ಥಾನ. ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ನಂದಾದೀವಿಗೆ, ತಪೋಧನರ ಆಹಾರದಾನ, ವಿದ್ಯಾದಾನ ಇವುಗಳ ಸಾಲಿನಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೂ ಒಂದಾಗಿ ಬರುತ್ತದೆ. ಈ ಸಾಲಿನಲ್ಲಿರುವ ಪ್ರತಿಯೊಂದೂ ದಿನದಿನವೂ ವರ್ಷವರ್ಷವೂ ನಡೆಯಬೇಕಾದ ವೆಚ್ಚ. ದೀಪಕ್ಕೆ ಎಣ್ಣೆ ಒಂದು ದಿನ ಹಾಕಿದರೆ ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ. ನೈವೇದ್ಯವನ್ನು ನೂರು ವರ್ಷಕ್ಕೊಮ್ಮೆ ಮಾಡುವುದೆಂದು ಯಾರೂ ಭಾವಿಸುವುದಿಲ್ಲ. ಆ ಪಂಕ್ತಿಯಲ್ಲಿಯೇ ಕುಳಿತಿರುವ ಜೀರ್ಣೋದ್ಧಾರವೂ ಅಂಥದೇ ನಿತ್ಯಕರ್ಮವೆಂದು ಅರ್ಥಮಾಡುವುದು ನ್ಯಾಯವಾದುದು. ಎಂದರೆ, ಶಾಸನಕಾರನ ದೃಷ್ಟಿಯಲ್ಲಿ ಜೀರ್ಣೋದ್ಧಾರವು ತಲೆಮಾರಿಗೊಮ್ಮೆ ನಡೆಯುವ ಉತ್ಸವವಲ್ಲ. ಗುಡಿಯ ಆಯವ್ಯಯದಲ್ಲಿ ಪ್ರತಿವರ್ಷವೂ ಬರುವ ಒಂದು ಬಾಬು.

ಇದಕ್ಕೆ ಪೋಷಕವಾಗಿ ಇನ್ನೊಂದು ಸಂಗತಿಯನ್ನು ಹೇಳಬಹುದು. ದಾನಶಾಸನಗಳ ಕೊನೆಯಲ್ಲಿ ಬರುವ ಪ್ರಸಿದ್ಧ ಶ್ಲೋಕಗಳಲ್ಲಿ ಒಂದು, ದಾನ ಮಾಡುವುದು ಮತ್ತು ಮಾಡಿದ ದಾನವನ್ನು ಪಾಲಿಸುವುದು ಇವೆರಡರಲ್ಲಿ ಪಾಲನೆಯೇ ಹೆಚ್ಚಿನದೆಂದು ಸಾರುತ್ತದೆ. ಕೊಟ್ಟವನಿಗೆ ಸ್ವರ್ಗವಾದರೆ, ಕಾಪಾಡಿದವನಿಗೆ ಅದಕ್ಕಿಂತ ಮೇಲಣ ಪದವಿಯೆಂದು ಅದರ ತಾತ್ಪರ್ಯ. ಕಟ್ಟಿಸಿದವನಿಗಿಂತ ಕಾಪಾಡಿದವನು ಹಿರಿಯನೆಂಬ ಈ ತಾರತಮ್ಯವನ್ನು ಸಾವಿರಾರು ಕಲ್ಲುಗಳ ಮೇಲೆ ಕೆತ್ತಿಸಿದ ನಾಡಿನಲ್ಲಿ, ಇಂದು ಗೌರವವೆಲ್ಲವೂ ಹೊಸದಾಗಿ ಕಟ್ಟಿಸಿದವನಿಗೆ ಸಲ್ಲುತ್ತಿದೆ. ಸೋರುವ ಮಾಳಿಗೆಗೆ ಗಾರೆ ಹಾಕಿಸಿದವನ ಹೆಸರನ್ನು ಯಾವ ಅಮೃತಶಿಲೆಯ ಫಲಕದಲ್ಲಿಯೂ ನಾವು ಕಾಣಲಾರೆವು.

೩

ಹಳೆಯ ತರೀಕೆರೆ ತಾಲ್ಲೂಕಿನಲ್ಲಿಯೇ, ಶಿವನಿಗೆ ಬಹುದೂರವಲ್ಲದ ಅಮೃತಾಪುರದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ದೊಡ್ಡ ಶಾಸನದ ಪದ್ಯಗಳು ಜನ್ನ ಕವಿಯವೆಂಬುದೂ, ರೂವಾರಿ ಮಲ್ಲಿತಮ್ಮನ ಕೆಲಸವು ಅಲ್ಲಿದೆಯೆಂಬುದೂ ವಿದಿತವೇ ಆಗಿದೆ. ಹೊರಮಂಟಪದ ಗೋಡೆಯ ಮೇಲೆ ೧೪೦ ಫಲಕಗಳಲ್ಲಿ ರಾಮಾಯಣ, ಭಾಗವತ, ಭಾರತಗಳ ಕಥೆ ಹರಿದಿದೆ. ಈ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇದಕ್ಕೆ ಭಯವಿಲ್ಲ. ಕಲೆ, ಕವಿ, ಕಾಲ, ಕರ್ತೃ ಎಂಬ ನಾಲ್ಕೂ ಇದಕ್ಕೆ ಸಾಕ್ಷಿಗಳಾಗಿ ನಿಂತಿವೆ.

ಈ ನಾಲ್ಕು ಸಾಕ್ಷಿಗಳಿಲ್ಲದ ಗುಡಿಯ ಪಾಡೇನು? ಕಲ್ಲಿನ ಗರ್ಭಗೃಹ, ಒಂದು ಸುಕನಾಸಿ, ನಾಲ್ಕು ಕಂಬಗಳ ನವರಂಗ, ಮೇಲೆ ಯಾವುದೋ ಕಾಲದಲ್ಲಿ ಇಟ್ಟಿಗೆ ಗಾರೆಯಿಂದ ಕಟ್ಟಿದ ಕಿರಿಯ ಗೋಪುರ, ಮುಂದೆ ಒಂದೆರಡು ವೀರಗಲ್ಲು. ಈ ಬಯಲುಸೀಮೆಯ ಹಳ್ಳಿಗಳ ಗುಡಿ ಸಾಮಾನ್ಯವಾಗಿ ಇಷ್ಟೇ. ಅದನ್ನು ಕಟ್ಟಿಸಿದವನು ದಂಡನಾಯಕನಲ್ಲ, ಊರ ಗೌಡನಿರಬಹುದು. ಕೆತ್ತಿದವನು ತನ್ನ ಹೆಸರನ್ನು ಕೆತ್ತಲಿಲ್ಲ. ಅಂಥ ಗುಡಿಯು ಯಾವ ಪಟ್ಟಿಯಲ್ಲಿಯೂ ಇಲ್ಲ.

ಇಲ್ಲಿ ನಮ್ಮ ಶಾಸನಾಧ್ಯಯನ ಪರಂಪರೆಯ ಬಗ್ಗೆ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವಾಗಿ ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಊರೂರಿಗೂ ಜನರನ್ನು ಕಳುಹಿ ಅಷ್ಟು ಸಾಮಗ್ರಿಯನ್ನು ಕೂಡಿಹಾಕಿದ ಆ ಶ್ರಮಕ್ಕೆ ನಾಡು ಋಣಿಯಾಗಿದೆ. ಆದರೆ ಆ ಗ್ರಂಥದಲ್ಲಿ ಕಟ್ಟಡವು ಬರುವುದು ಶಾಸನದ ವಿಳಾಸವಾಗಿ. ಇಂಥ ಊರಿನ ಈಶ್ವರ ದೇವಸ್ಥಾನದ ಮುಂದಿನ ಕಲ್ಲು, ಇಂಥ ಊರಿನ ಕೆರೆಯ ಕೋಡಿಯ ಬಳಿಯ ಕಲ್ಲು ಎಂಬ ಮಾದರಿಯ ಒಂದು ಸಾಲು. ಅದರ ಕೆಳಗೆ ಪಾಠ. ಕಲ್ಲಿನ ಮೇಲಣ ಅಕ್ಷರಗಳು ಗ್ರಂಥಕ್ಕೆ ಬಂದುವು. ಆ ಕಲ್ಲನ್ನು ತನ್ನ ಮುಂದೆ ನಿಲ್ಲಿಸಿಕೊಂಡಿದ್ದ ಗುಡಿಯ ಅಳತೆ, ವಿನ್ಯಾಸ, ಕಂಬ, ಮಾಳಿಗೆ ಇವು ಗ್ರಂಥಕ್ಕೆ ಬರಲಿಲ್ಲ. ಮುಂದೆ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾದ ಆರ್. ನರಸಿಂಹಾಚಾರ್ಯರೂ ಎಂ. ಎಚ್. ಕೃಷ್ಣ ಅವರೂ ವಾರ್ಷಿಕ ವರದಿಗಳಲ್ಲಿ ಕಟ್ಟಡಗಳ ವರ್ಣನೆಗೂ ನಕ್ಷೆಗಳಿಗೂ ಸ್ಥಾನ ಕೊಟ್ಟು ಈ ಕೊರತೆಯನ್ನು ಬಹಳಮಟ್ಟಿಗೆ ನೀಗಿದರು. ಆದರೂ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಬೆಳೆದ ಅಧ್ಯಯನವು ಹೆಚ್ಚಾಗಿ ಹಿಂಬಾಲಿಸಿದುದು ಮೊದಲನೆಯ ದಾರಿಯನ್ನೇ. ಶಾಸನವನ್ನು ಸಾಹಿತ್ಯವೆಂದು, ಚರಿತ್ರೆಯೆಂದು, ಭಾಷೆಯ ಆಕರವೆಂದು ಓದಲಾಯಿತು. ಒಂದು ಕಟ್ಟಡದ ನಿರ್ವಹಣಾ ಪತ್ರವೆಂದು ಓದಿದವರು ವಿರಳ. ಪಾಠವು ಮುದ್ರಣವಾದ ಮೇಲೆ ಕಲ್ಲು ಎಲ್ಲಿದ್ದರೇನು ಎಂಬ ಮನೋಭಾವವು ಇದರಿಂದ ಬೆಳೆಯಿತು. ಗುಡಿಯ ಮುಂದಿನ ಕಲ್ಲು ಎಂದು ಗ್ರಂಥವು ಹೇಳುವ ಕಲ್ಲು, ಗುಡಿಯನ್ನು ಕಿತ್ತ ಮೇಲೆ ಯಾವುದರ ಮುಂದಿನ ಕಲ್ಲು?

೪

ಅರ್ಥಪಲ್ಲಟವು ಜನರ ಅಜ್ಞಾನದಿಂದ ಆಯಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಪದದ ಅರ್ಥವು ಬದಲಾಗುವ ಮೊದಲು ಪದಕ್ಕೆ ಆಧಾರವಾಗಿದ್ದ ವ್ಯವಸ್ಥೆಯು ಬದಲಾಯಿತು. ಗುಡಿಗೆ ಬಿಟ್ಟ ಗದ್ದೆಯ ಹುಟ್ಟುವಳಿಯಿಂದ ದೀಪವೂ ಉರಿಯಬೇಕು, ಗೋಡೆಯೂ ನಿಲ್ಲಬೇಕು ಎಂಬುದು ಹಳೆಯ ಏರ್ಪಾಡು. ೧೯೫೫ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದಿಯಾತಿ ಕಾಯಿದೆಯು ಈ ಏರ್ಪಾಡನ್ನು ಕೊನೆಗಾಣಿಸಿತು. ಉಳುವವನ ದೃಷ್ಟಿಯಿಂದ ಆ ಕಾಯಿದೆಯು ಬೇಕಾಗಿದ್ದುದೇ. ಅದಕ್ಕಾಗಿ ನಾವು ಮರುಗುವುದಿಲ್ಲ. ದೇವರ ಹೆಸರಿನ ಭೂಮಿಯ ಫಲವು ದೇವರಿಗೂ ಸಲ್ಲದೆ ಗೋಡೆಗೂ ಸಲ್ಲದೆ ನಡುವಿನವರ ಮನೆ ಸೇರಿದ ನಿದರ್ಶನಗಳು ಕಡಮೆಯೇನೂ ಇರಲಿಲ್ಲ. ಆದರೆ ಭೂಮಿಗೆ ಬದಲಾಗಿ ಬಂದ ತಸ್ತೀಕು ಎಂಬ ನಗದು ಮೊಬಲಗು ಪೂಜೆಯ ವೆಚ್ಚವೆಂದು ಎಣಿಸಲ್ಪಟ್ಟಿತು. ದೀಪಕ್ಕೆ ಎಣ್ಣೆ ಉಳಿಯಿತು. ಖಂಡಸ್ಫುಟಿತಕ್ಕೆ ಬಾಬು ಉಳಿಯಲಿಲ್ಲ.

ಅದೇ ಕಾಲದಲ್ಲಿ ಊರಿನ ಕಟ್ಟಡಗಳ ಮೇಲೆ ಕಣ್ಣಿಟ್ಟಿದ್ದ ವಂಶಪಾರಂಪರ್ಯದ ಅಧಿಕಾರಗಳೂ ಹೋದುವು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ೧೯೬೩ರಲ್ಲಿ ಜಾರಿಗೆ ಬಂದು ಪಟೇಲ ಶಾನುಭೋಗರ ಆಡಳಿತ ಮುಗಿಯಿತು. ಇದೂ ಕಾಲಧರ್ಮಕ್ಕೆ ಅನುಗುಣವಾದುದೇ. ಆದರೆ ಮುಂಗಾರಿಗೆ ಮೊದಲು ಗುಡಿಯ ಮಾಳಿಗೆಯ ಮೇಲೆ ಹತ್ತಿ, ಬೇರೂರಿದ ಅರಳಿಯ ಸಸಿಯನ್ನು ಕೀಳಿಸುವ ಹೊಣೆ ಯಾರದೆಂಬ ಪ್ರಶ್ನೆಗೆ ಹೊಸ ವ್ಯವಸ್ಥೆಯಲ್ಲಿ ಉತ್ತರವಿಲ್ಲದೆ ಹೋಯಿತು. ರಾಜ್ಯದ ಮುಜರಾಯಿ ಇಲಾಖೆಗೆ ಸೇರಿದ ೩೪ ಸಾವಿರಕ್ಕೂ ಹೆಚ್ಚಿನ ದೇವಸ್ಥಾನಗಳಲ್ಲಿ ಬಹುಭಾಗವು ಅತ್ಯಲ್ಪ ಆದಾಯದ ‘ಸಿ’ ವರ್ಗಕ್ಕೆ ಸೇರಿದವು. ಇವುಗಳಿಗೆ ವರ್ಷವರ್ಷದ ಸಣ್ಣ ದುರಸ್ತಿಗೆ ಹಣ ಸಿಕ್ಕುವುದು ದುರ್ಲಭ. ಎಂದೋ ಒಮ್ಮೆ ವಿಶೇಷ ಅನುದಾನವಾಗಿ ದೊಡ್ಡ ಮೊತ್ತ ಸಿಕ್ಕುವುದು ಸಾಧ್ಯ. ದೊಡ್ಡ ಮೊತ್ತಕ್ಕೆ ದೊಡ್ಡ ಕೆಲಸವನ್ನು ತೋರಿಸಬೇಕು. ಸಸಿಯನ್ನು ಕಿತ್ತುದು ಕೆಲಸವೆಂದು ಕಾಣುವುದಿಲ್ಲ. ಗುಡಿಯನ್ನು ಕಿತ್ತುದು ಕಾಣುತ್ತದೆ. ಹೀಗೆ ನಿತ್ಯದ ವೆಚ್ಚವಾಗಿದ್ದ ಜೀರ್ಣೋದ್ಧಾರವು ಒಂದು ಘಟನೆಯಾಯಿತು. ನಮ್ಮ ಮತದಲ್ಲಿ ಅರ್ಥಪಲ್ಲಟದ ಮೂಲ ಇಲ್ಲಿದೆ.

೫

ಹೊಸ ಅರ್ಥದ ಜೀರ್ಣೋದ್ಧಾರವು ಹೇಗೆ ನಡೆಯುತ್ತದೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಎಲ್ಲ ಕಡೆಯೂ ಪೂರ್ಣವಾಗಿ ಕೆಡವುತ್ತಾರೆಂದಲ್ಲ. ಕೆಲವೆಡೆ ಕಲ್ಲಿನ ಮಾಳಿಗೆಯ ಮೇಲೆ ಕಾಂಕ್ರೀಟಿನ ಹೊದಿಕೆ ಹಾಕುತ್ತಾರೆ. ಹೊರಲಾರದ ಭಾರವನ್ನು ಹೊತ್ತ ತೊಲೆಗಳು ಕ್ರಮೇಣ ಬಿರಿಯುತ್ತವೆ. ಗಾರೆಯ ಸಂದುಗಳಿಗೆ ಸಿಮೆಂಟು ತುಂಬುತ್ತಾರೆ. ಸುಣ್ಣದ ಗಾರೆಯು ತೇವವನ್ನು ಹೀರಿ ಹೊರಗೆ ಬಿಡಬಲ್ಲುದು. ಸಿಮೆಂಟು ಗಟ್ಟಿಯಾದುದರಿಂದ ತೇವವು ಅದರ ಮೂಲಕ ಹೋಗಲಾರದೆ ಪಕ್ಕದ ಕಲ್ಲಿನೊಳಕ್ಕೆ ನುಗ್ಗುತ್ತದೆ. ಉಪ್ಪು ಹೂತು ಕಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ಕಂಬಗಳನ್ನು ಹೊಸದಾಗಿ ಕಾಣಿಸಲೆಂದು ಮರಳನ್ನು ರಭಸದಿಂದ ಎರಚಿ ಉಜ್ಜಿಸುತ್ತಾರೆ. ಕಡಲೆಯಷ್ಟು ಆಳದ ಶಾಸನಾಕ್ಷರಗಳು ಎಂಟು ಶತಮಾನಗಳ ಮಳೆಗೆ ಅಳಿಯದುದು ಒಂದು ಮಧ್ಯಾಹ್ನದಲ್ಲಿ ಅಳಿಯುತ್ತವೆ. ವೀರಗಲ್ಲಿಗೆ ಎಣ್ಣೆಬಣ್ಣ ಬಳಿಯುತ್ತಾರೆ; ನೆಲಕ್ಕೆ ಹೊಳಪಿನ ಹಾಸುಬಿಲ್ಲೆ ಜೋಡಿಸಿ ಶಾಸನದ ಕೆಳಗಿನ ಸಾಲುಗಳನ್ನು ಮುಚ್ಚುತ್ತಾರೆ. ಇವೆಲ್ಲವೂ ಭಕ್ತಿಯಿಂದಲೇ ನಡೆಯುತ್ತವೆಂಬುದನ್ನು ನಾವು ಮರೆಯಬಾರದು. ಕೆಡಿಸಬೇಕೆಂಬ ಬುದ್ಧಿಯಿಂದ ಯಾರೂ ಕೆಡಿಸುತ್ತಿಲ್ಲ.

ಇದಕ್ಕೆ ಪೂರ್ವಪಕ್ಷವೊಂದುಂಟು, ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಗುಡಿಯು ವಸ್ತುಸಂಗ್ರಹಾಲಯವಲ್ಲ, ಪೂಜೆಯ ಸ್ಥಾನ. ಶಿಥಿಲವಾದುದನ್ನು ತೆಗೆದು ಹೊಸದನ್ನು ಮಾಡುವುದು ನಮ್ಮ ಸಂಪ್ರದಾಯಕ್ಕೆ ಹೊಸತಲ್ಲ ಎಂದು ಹೇಳುವವರಿದ್ದಾರೆ. ಮಯಮತವೇ ಮೊದಲಾದ ವಾಸ್ತುಗ್ರಂಥಗಳಲ್ಲಿ ಜೀರ್ಣವಾದ ಆಲಯವನ್ನು ಸರಿಪಡಿಸುವ ವಿಧಿಗೆ ಪ್ರತ್ಯೇಕ ಪ್ರಕರಣವೇ ಉಂಟು. ಕೆಲಸ ನಡೆಯುವಷ್ಟು ಕಾಲ ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ ಸಾಗಿಸುವ ಕ್ರಮವೂ ಉಂಟು. ಮರದ ಗುಡಿಯನ್ನು ತೆಗೆದು ಕಲ್ಲಿನಿಂದ ಮಾಡಿಸಿದುದನ್ನು ಶಾಸನಗಳೇ ಹೆಮ್ಮೆಯಿಂದ ಹೇಳುತ್ತವೆ. ಇವೆಲ್ಲವೂ ನಿಜ. ಆದರೆ ಅಂಥ ಶಾಸನಗಳನ್ನು ಪೂರ್ತಿಯಾಗಿ ಓದಿದರೆ ಒಂದು ಸಂಗತಿಯು ಕಣ್ಣಿಗೆ ಬೀಳುತ್ತದೆ. ಮೊದಲು ಈ ಗುಡಿಯನ್ನು ಯಾರು ಮಾಡಿಸಿದರು, ಅದು ಯಾವುದರಿಂದ ಆಗಿತ್ತು, ತಾನು ಏನನ್ನು ಬದಲಾಯಿಸಿದೆ ಎಂಬುದನ್ನು ಅವು ಬರೆದಿಡುತ್ತವೆ. ಹೊಸಬನು ಹಳಬನನ್ನು ಅಳಿಸುವುದಿಲ್ಲ; ಅವನ ಹೆಸರಿನ ಕೆಳಗೆ ತನ್ನ ಹೆಸರನ್ನು ಬರೆಯಿಸುತ್ತಾನೆ. ಇಂದಿನ ಫಲಕಗಳಲ್ಲಿ ಹೊಸ ದಾನಿಗಳ ಪಟ್ಟಿಯುಂಟು. ಕೆಡವಿದುದು ಯಾವ ಕಾಲದ್ದು, ಹೇಗಿತ್ತು ಎಂಬ ಒಂದು ವಾಕ್ಯವೂ ಇಲ್ಲ. ಸಂಪ್ರದಾಯವನ್ನು ಮುಂದಿಟ್ಟು ವಾದಿಸುವವರು ಸಂಪ್ರದಾಯದ ಈ ಅರ್ಧವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಜಪಾನಿನ ಇಸೆ ಎಂಬ ಕ್ಷೇತ್ರದಲ್ಲಿ ದೇವಾಲಯವನ್ನು ೨೦ ವರ್ಷಗಳಿಗೊಮ್ಮೆ ಹೊಸದಾಗಿ ಕಟ್ಟುವ ಪದ್ಧತಿಯಿದೆ. ೨೦೧೩ರಲ್ಲಿಯೂ ಹಾಗೆ ಕಟ್ಟಿದರು. ಅಲ್ಲಿ ಮರ ಹೊಸದು; ರೂಪ, ಅಳತೆ, ಕೈಗೆಲಸ ಇವು ಹಳೆಯವು. ೨೦ ವರ್ಷವೆಂಬುದು ಹಿರಿಯ ಬಡಗಿಯು ಕಿರಿಯನಿಗೆ ವಿದ್ಯೆಯನ್ನು ದಾಟಿಸಲು ಸಾಲುವ ಅವಧಿಯೂ ಹೌದು. ಹೊಸದಾಗಿ ಕಟ್ಟುವುದೂ ಒಂದು ಬಗೆಯ ಕಾಪಾಡುವಿಕೆಯಾಗಬಲ್ಲುದೆಂಬುದಕ್ಕೆ ಇದು ನಿದರ್ಶನ. ೧೯೯೪ರಲ್ಲಿ ಅದೇ ದೇಶದ ನಾರಾ ನಗರದಲ್ಲಿ ಸೇರಿದ ತಜ್ಞರು, ಕಟ್ಟಡದ ನೈಜತೆಯನ್ನು ಆಯಾ ಸಂಸ್ಕೃತಿಯ ದೃಷ್ಟಿಯಿಂದ ಅಳೆಯಬೇಕೆಂದು ಒಪ್ಪಿದರು. ಆದರೆ ನಮ್ಮ ಹೊಸ ಜೀರ್ಣೋದ್ಧಾರದಲ್ಲಿ ವಸ್ತುವೂ ಉಳಿಯುವುದಿಲ್ಲ, ವಿದ್ಯೆಯೂ ಉಳಿಯುವುದಿಲ್ಲ. ಅಳಲೆಕಾಯಿ ಬೆಲ್ಲಗಳನ್ನು ಕೂಡಿಸಿ ಸುಣ್ಣವನ್ನು ಅರೆದು ಗಾರೆ ಮಾಡಬಲ್ಲ ಕೈಗಳು ಈ ಸೀಮೆಯಲ್ಲಿ ಇನ್ನೆಷ್ಟು ಉಳಿದಿವೆಯೆಂದು ಕೇಳಿಕೊಳ್ಳುವುದು ಒಳ್ಳೆಯದು.

೬

ಗುಡಿಯಿಂದ ಹೊರಗೆ ಬಂದು ಇತರ ಕಟ್ಟಡಗಳನ್ನು ನೋಡಿದರೂ ನಮ್ಮ ಅಭಿಪ್ರಾಯವೇ ದೃಢವಾಗು‌ತ್ತದೆ. ಬೆಂಗಳೂರಿನಲ್ಲಿ ೧೮೬೮ರಲ್ಲಿ ಪೂರ್ಣವಾದ ಅಠಾರಾ ಕಚೇರಿಯನ್ನು ಕೆಡವಬೇಕೆಂಬ ಸೂಚನೆ ೧೯೮೨ರ ವೇಳೆಗೆ ಬಂದಾಗ ಜನರು ವಿರೋಧಿಸಿದರು. ಉಚ್ಚ ನ್ಯಾಯಾಲಯವು ಆ ಮೊಕದ್ದಮೆಯ ವಿಚಾರಣೆಯನ್ನು ನಡೆಸಿದುದು ಕೆಡವಬೇಕೆಂದಿದ್ದ ಅದೇ ಕಟ್ಟಡದಲ್ಲಿ. ಕಟ್ಟಡವು ಉಳಿಯಿತು. ಆಡಳಿತದ ಕಟ್ಟಡವೂ ನಾಡಿನ ಆಸ್ತಿಯೆಂಬ ಭಾವನೆ ಕನ್ನಡ ನಾಡಿನಲ್ಲಿ ಬೇರೂರಿದುದು ಈ ಪ್ರಸಂಗದಿಂದ ಎನ್ನಬಹುದು. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗಕ್ಕೆ ಎರಡನೆಯ ಹಳಿ ಹಾಕುವಾಗ ಅಡ್ಡವಾದ ಟಿಪ್ಪು ಸುಲ್ತಾನನ ಶಸ್ತ್ರಾಗಾರವನ್ನು ೨೦೧೭ರಲ್ಲಿ ಬುಡದಿಂದ ಎತ್ತಿ ಇಡಿಯಾಗಿ ಬೇರೆಡೆಗೆ ಸರಿಸಿದರು. ಒಂದು ನೂರು ವರ್ಷ ಹಿಂದಾಗಿದ್ದರೆ ಅದನ್ನು ಒಡೆದು ಜಲ್ಲಿಯಾಗಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಮನೋಭಾವವು ಬದಲಾಗಿದೆಯೆಂಬುದಕ್ಕೆ ಇವು ಸಾಕ್ಷಿ.

ಆದರೆ ಬದಲಾದ ಮನೋಭಾವವು ಖ್ಯಾತಿವೆತ್ತ ಕಟ್ಟಡದ ಬಾಗಿಲಲ್ಲಿಯೇ ನಿಂತುಹೋಗಿದೆ. ಶಿವನಿಯೂ ರೈಲಿನ ಊರೇ. ೧೮೮೯ರಲ್ಲಿ ಹರಿಹರವನ್ನು ಮುಟ್ಟಿದ ಮೀಟರ್ ಗೇಜ್ ಮಾರ್ಗವು ಅದರ ಬಳಿ ಹಾದುಹೋಯಿತು. ೧೯೯೦ರ ದಶಕದಲ್ಲಿ ಆ ಮಾರ್ಗವು ಬ್ರಾಡ್‌ಗೇಜ್ ಆಯಿತು. ಆಮೇಲೆ ಜೋಡಿ ಹಳಿಯೂ ಬಂದಿತು. ಈ ಬದಲಾವಣೆಗಳು ಜನಕ್ಕೆ ಅವಶ್ಯಕವಾದುವು. ಆದರೆ ಇಂಥ ಮಾರ್ಗಗಳಲ್ಲಿ ಮೀಟರ್ ಗೇಜಿನ ಕಾಲದ ನಿಲ್ದಾಣ, ನೌಕರರ ಮನೆ, ನೀರಿನ ತೊಟ್ಟಿ, ಕಲ್ಲಿನ ಕಮಾನು ಸೇತುವೆ ಇವುಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಬರೆದಿಡುವ ಹೊಣೆ ಯಾವ ಇಲಾಖೆಗೂ ಇಲ್ಲ. ಒಂದು ಶಸ್ತ್ರಾಗಾರವನ್ನು ಎತ್ತಿ ಸರಿಸುವ ಯಂತ್ರಶಕ್ತಿ ನಮ್ಮಲ್ಲಿದೆ. ಒಂದು ಹಳ್ಳಿಯ ನಿಲ್ದಾಣದ ಅಳತೆಯನ್ನು ಕಾಗದದ ಮೇಲೆ ತೆಗೆಯುವ ತಾಳ್ಮೆ ಇಲ್ಲ.

ಮೈಸೂರಿನ ಉದಾಹರಣೆಯು ಇನ್ನೂ ಕಹಿಯಾದುದು. ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ೨೦೧೨ರ ಆಗಸ್ಟ್ ತಿಂಗಳಲ್ಲಿ ಕುಸಿದು ನಾಲ್ವರು ಸತ್ತರು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಬಾಗಿಲ ಭಾಗವು ಕುಸಿಯಿತು. ಆಮೇಲೆ ನಡೆದ ವಾದವೆಲ್ಲವೂ ದುರಸ್ತಿ ಮಾಡಬೇಕೆ, ಇಲ್ಲವೆ ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕೆ ಎಂಬುದು. ಕುಸಿಯುವ ಮೊದಲು ಹತ್ತಾರು ವರ್ಷ ಆ ಗೋಡೆಗಳು ಬಿರಿಯುತ್ತಿದ್ದಾಗ ಇಂಥ ವಾದ ನಡೆಯಲಿಲ್ಲ. ಖಂಡವನ್ನೂ ಸ್ಫುಟಿತವನ್ನೂ ನೋಡದೆ ಬಿಟ್ಟವರಿಗೆ ಕೊನೆಯಲ್ಲಿ ಕಾಣುವುದು ಜೀರ್ಣ ಮಾತ್ರ. ಆಗ ಉದ್ಧಾರವೆಂದರೆ ಕೆಡವುವುದೇ ಎಂಬಂತಾಗುತ್ತದೆ. ಹಳೆಯದು ಅಪಾಯಕಾರಿ ಎಂಬ ಮಾತು ಸುಳ್ಳಲ್ಲ. ಆದರೆ ಬಹುಸಂದರ್ಭಗಳಲ್ಲಿ ಅಪಾಯವನ್ನು ತಂದುದು ವಯಸ್ಸಲ್ಲ, ಉಪೇಕ್ಷೆ.

ಇಂಗ್ಲೆಂಡಿನಲ್ಲಿ ರಸ್ಕಿನ್ ೧೮೪೯ರಲ್ಲಿಯೂ ವಿಲಿಯಂ ಮಾರಿಸ್ ೧೮೭೭ರಲ್ಲಿಯೂ ಹೇಳಿದುದು ಇದನ್ನೇ. ಹಳೆಯ ಚರ್ಚುಗಳನ್ನು ಪುನರುದ್ಧಾರವೆಂಬ ಹೆಸರಿನಲ್ಲಿ ಕೆರೆದು ಹೊಸದು ಮಾಡುವ ಹುಚ್ಚು ಅಲ್ಲಿ ಹಬ್ಬಿದಾಗ, ದಿನದಿನದ ಆರೈಕೆ ಇದ್ದರೆ ಪುನರುದ್ಧಾರದ ಅವಶ್ಯಕತೆಯೇ ಬಾರದೆಂದು ಅವರು ವಾದಿಸಿದರು. ಈ ವಿಚಾರವು ಅಲ್ಲಿಂದ ಹೊರಟು, ೧೯೦೪ರ ಪ್ರಾಚೀನ ಸ್ಮಾರಕ ಕಾಯಿದೆಯ ಕಾಲದಿಂದ ನಮ್ಮಲ್ಲಿಗೆ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾಯಿದೆಯು ಹಾಗೆ ಬಂದುದು ನಿಜ. ವಿಚಾರವು ಮಾತ್ರ ನಮ್ಮ ಹಳ್ಳಿಗಳ ಕಲ್ಲುಗಳ ಮೇಲೆ ಅದಕ್ಕೆ ಬಹುಮೊದಲೇ ಬರೆದಿದ್ದಿತು.

ಕಾಯಿದೆಯ ದೃಷ್ಟಿಗೂ ಶಾಸನದ ದೃಷ್ಟಿಗೂ ಇರುವ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ೧೯೫೮ರ ಕೇಂದ್ರ ಕಾಯಿದೆ, ೧೯೬೧ರ ಮೈಸೂರು ಕಾಯಿದೆ ಇವು ಕಟ್ಟಡವನ್ನು ಪಟ್ಟಿಗೆ ಸೇರಿಸಿ, ಬೇಲಿ ಹಾಕಿ, ಕಾವಲುಗಾರನನ್ನು ನೇಮಿಸಿ ರಕ್ಷಿಸುತ್ತವೆ. ಶಾಸನವು ಕಟ್ಟಡವನ್ನು ಅದರ ಸುತ್ತಲಿನ ಜನರ ಬಾಳಿಗೆ ಗಂಟುಹಾಕಿ ರಕ್ಷಿಸುತ್ತದೆ. ಗಂಟು ಬಿಚ್ಚಿದಾಗ ಏನಾಗುತ್ತದೆಂಬುದನ್ನು ಹಂಪೆಯಲ್ಲಿ ಕಂಡೆವು. ೨೦೧೧ರಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ಬಜಾರಿನ ಮಂಟಪಗಳಲ್ಲಿ ಮನೆ ಅಂಗಡಿಗಳನ್ನು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿ, ಅವರು ಕಟ್ಟಿದುದನ್ನು ಯಂತ್ರಗಳಿಂದ ಕೆಡವಿದರು. ಮಂಟಪಗಳಿಗೆ ಅವರಿಂದ ಹಾನಿಯಾಗುತ್ತಿದ್ದುದು ಸತ್ಯ. ಆದರೆ ಸ್ಮಾರಕವನ್ನು ಉಳಿಸಲು ಊರನ್ನು ಕೆಡವಬೇಕಾಗಿ ಬಂದುದು ನೀತಿಯ ಸೋಲೆಂದೇ ನಾವು ಎಣಿಸುತ್ತೇವೆ.

೭

ಹಾಗಾದರೆ ಶಿವನಿಯಂಥ ಊರಿನಲ್ಲಿ ಮಾಡಬಹುದಾದುದೇನು? ಎಲ್ಲ ಗುಡಿಗಳನ್ನೂ ಸರ್ಕಾರದ ಪಟ್ಟಿಗೆ ಸೇರಿಸುವುದು ಆಗದ ಮಾತು, ಆದರೂ ಹಿತವಲ್ಲ. ೧೯೯೧ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್, ಸರ್ಕಾರದ ಪುರಾತತ್ತ್ವ ಇಲಾಖೆಯನ್ನೂ ಊರವರನ್ನೂ ಕೂಡಿಸಿಕೊಂಡು, ೨೦೦ಕ್ಕೂ ಹೆಚ್ಚು ಹಳೆಯ ದೇವಾಲಯಗಳನ್ನು ಅವುಗಳ ಕಲ್ಲುಗಳಿಂದಲೇ ಮತ್ತೆ ನಿಲ್ಲಿಸಿದೆ. ವೆಚ್ಚದಲ್ಲಿ ಊರವರೂ ಪಾಲುಗೊಳ್ಳಬೇಕೆಂಬ ನಿಯಮವು ಹಳೆಯ ಗಂಟನ್ನು ಮತ್ತೆ ಹಾಕುವ ಪ್ರಯತ್ನವೆಂದು ನಾವು ಮೆಚ್ಚುತ್ತೇವೆ. ಆದರೆ ಇದೂ ಬಿದ್ದುದನ್ನು ಎತ್ತುವ ಕಾರ್ಯ. ಬೀಳದಂತೆ ನೋಡುವ ಕಾರ್ಯಕ್ಕೆ ಇನ್ನೂ ಚಿಕ್ಕದಾದ, ಇನ್ನೂ ನಿತ್ಯವಾದ ಏರ್ಪಾಡು ಬೇಕು. ತಸ್ತೀಕಿನ ಪಕ್ಕದಲ್ಲಿ, ಪೂಜೆಯ ವೆಚ್ಚಕ್ಕೆ ಸೇರದಂತೆ, ವರ್ಷಕ್ಕೊಮ್ಮೆ ಮಾಳಿಗೆ ಸಂದುಗಳ ದುರಸ್ತಿಗೆಂದೇ ಒಂದು ಸಣ್ಣ ಮೊಬಲಗು ನಿಗದಿಯಾಗಬೇಕು. ಅದನ್ನು ಸುಣ್ಣದ ಗಾರೆಗೆ ಮಾತ್ರ ಬಳಸತಕ್ಕದ್ದೆಂಬ ನಿಬಂಧನೆಯೂ ಇರಬೇಕು. ಅದಕ್ಕೆ ಖಂಡಸ್ಫುಟಿತದ ಬಾಬು ಎಂದು ಹೆಸರಿಟ್ಟರೆ ಹೊಸ ಪದವನ್ನು ಹುಡುಕುವ ಶ್ರಮವೂ ತಪ್ಪುತ್ತದೆ.

ಎರಡನೆಯ ಕೆಲಸವು ನಮ್ಮಂಥ ವಿಭಾಗಗಳಿಗೆ ಸೇರಿದುದು. ಕಡೂರು ಜಿಲ್ಲೆಯ ಶಾಸನಸಂಪುಟದಲ್ಲಿ ವಿಳಾಸವಾಗಿ ಬಂದಿರುವ ಪ್ರತಿಯೊಂದು ಕಟ್ಟಡವನ್ನೂ, ಶಿವನಿ, ಅಜ್ಜಂಪುರ, ತರೀಕೆರೆ ಸೀಮೆಗಳಿಂದ ಮೊದಲುಮಾಡಿ, ಮತ್ತೆ ಹುಡುಕಿ ನೋಡಬೇಕು. ಇದೆಯೆ, ಇಲ್ಲವೆ, ಇದ್ದರೆ ಅದರ ಅಳತೆ ಏನು, ಮಾಳಿಗೆ ಸೋರುತ್ತದೆಯೆ, ಇಲ್ಲದಿದ್ದರೆ ಕಲ್ಲು ಎಲ್ಲಿಗೆ ಹೋಯಿತು, ಇಷ್ಟನ್ನು ಬರೆದುಕೊಂಡು ಬರುವುದಕ್ಕೆ ಎಂ.ಎ. ತರಗತಿಯ ವಿದ್ಯಾರ್ಥಿಗೆ ಒಂದು ಟೇಪೂ ಒಂದು ನೋಟುಬುಕ್ಕೂ ಸಾಕು. ಗುಡಿಯನ್ನು ಕೆಡವಲೇಬೇಕೆಂದು ಊರು ನಿರ್ಧರಿಸಿದರೆ, ತಡೆಯುವ ಅಧಿಕಾರ ನಮಗಿಲ್ಲ. ಆದರೆ ಕೆಡವುವ ಮೊದಲು ಅದರ ನಕ್ಷೆಯನ್ನು ತೆಗೆದುಕೊಡುತ್ತೇವೆ, ಹೊಸ ಫಲಕದಲ್ಲಿ ಹಳೆಯ ಗುಡಿಯ ವಿಷಯ ಎರಡು ಸಾಲು ಬರೆಯಿಸಿ, ಶಾಸನದ ಕಲ್ಲನ್ನು ಇದ್ದಲ್ಲಿಯೇ ಬಿಡಿ ಎಂದು ಕೇಳುವ ಅಧಿಕಾರವು, ಆ ಊರಿನ ಶಾಸನವನ್ನು ಓದಬಲ್ಲ ನಮಗೆ ಖಂಡಿತವಾಗಿಯೂ ಉಂಟು.

ಶಾಸನವನ್ನು ಊರವರಿಗೆ ಓದಿ ಹೇಳುವುದೂ ಈ ಕಾರ್ಯದ ಒಂದು ಅಂಗವೇ. ತಮ್ಮ ಗುಡಿಯ ಮುಂದಿನ ಕಲ್ಲಿನಲ್ಲಿ ದೀಪಕ್ಕೂ ಅನ್ನಕ್ಕೂ ಸಮನಾಗಿ ಬಿರುಕು ಮುಚ್ಚುವ ಕೆಲಸವನ್ನು ಹಿರಿಯರು ನಿಲ್ಲಿಸಿದ್ದರೆಂಬುದು ತಿಳಿದರೆ, ಜೀರ್ಣೋದ್ಧಾರ ಸಮಿತಿಯ ಸಭೆಯಲ್ಲಿ ಒಬ್ಬನಾದರೂ ಎದ್ದು, ಮೊದಲು ಮಾಳಿಗೆ ಸೋರುವುದನ್ನು ನಿಲ್ಲಿಸೋಣ ಎಂದಾನು. ಆ ಒಂದು ಮಾತಿನಿಂದ ಒಂದು ಮಳೆಗಾಲ ಕಳೆದೀತು. ಹಳೆಯ ಕಟ್ಟಡಗಳು ಇಷ್ಟು ಕಾಲ ನಿಂತುದು ಹೀಗೆ ಒಂದೊಂದು ಮಳೆಗಾಲವನ್ನು ಕಳೆದೇ.